ಕಾಲಾಣಿ, ಒಳಗೆ ಚುಚ್ಚುವ ಉಗುರು ಮತ್ತು ಸಕ್ಕರೆ ಕಾಯಿಲೆ: ಯಾವುದನ್ನು ಮಾಡಿಸಬೇಕು, ಯಾವುದು ಬೇಡ?

ಓದುಗರ ಪ್ರಶ್ನೆ: ನನಗೆ 54 ವರ್ಷ. ತಿಪಟೂರಿನಲ್ಲಿ ಸಣ್ಣ ಹೋಟೆಲ್ ನಡೆಸುತ್ತಿದ್ದೇನೆ. ಬೆಳಿಗ್ಗೆ 5ರಿಂದ ಮಧ್ಯಾಹ್ನದವರೆಗೆ ದೋಸೆಯ ಕಾವಲಿಯ ಮುಂದೆ ನಿಂತೇ ಕೆಲಸ. 9 ವರ್ಷದಿಂದ ಸಕ್ಕರೆ ಕಾಯಿಲೆಯಿದ್ದು ಮಾತ್ರೆ ನುಂಗುತ್ತಿದ್ದೇನೆ. ಬಲ ಅಂಗಾಲಿನಲ್ಲಿ, ಕಿರುಬೆರಳಿನ ಬುಡದ ಕೆಳಗೆ ಆಣಿಯಾಗಿದೆ. ಎರಡು ಸಲ ಕೊರೆಸಿದರೂ ಮತ್ತೆ ಬಂತು. ಈಗ ಕಾರ್ನ್ ಕ್ಯಾಪ್ (ಆಣಿಗೆ ಅಂಟಿಸುವ ಔಷಧದ ಪಟ್ಟಿ) ಅಂಟಿಸುತ್ತಿದ್ದೇನೆ. ಮೊದಲು ಕಲ್ಲು ತುಳಿದಂತೆ ನೋಯುತ್ತಿತ್ತು, ಈಗ ಅಷ್ಟು ನೋವಿಲ್ಲ. ಎಡಗಾಲಿನ ಹೆಬ್ಬೆರಳಿನ ಉಗುರು ಪಕ್ಕದ ಮಾಂಸಕ್ಕೆ ಚುಚ್ಚಿ ಆಗಾಗ ಕೀವಾಗುತ್ತದೆ. ಒಮ್ಮೆ ಉಗುರನ್ನೇ ಪೂರ್ತಿ ತೆಗೆದರು, ವರ್ಷದೊಳಗೆ ಹಾಗೆಯೇ ಬೆಳೆಯಿತು. ಇನ್ನೆರಡು ಉಗುರುಗಳು ಹಳದಿಯಾಗಿ ದಪ್ಪಗಾಗಿವೆ. ಪರಿಚಿತರು ಬೆಂಗಳೂರಿನ ಪೋಡಿಯಾಟ್ರಿ (ಪಾದ ಚಿಕಿತ್ಸೆ) ಕ್ಲಿನಿಕ್ಕಿನಲ್ಲಿ ಲೇಸರ್ ಮಾಡಿಸಿಕೊಳ್ಳಿ ಎನ್ನುತ್ತಾರೆ. ಆಣಿಯ ಬೇರನ್ನು ತೆಗೆಸಿದರೆ ಶಾಶ್ವತವಾಗಿ ಹೋಗುತ್ತದೆಯೇ? ಉಗುರು ಮತ್ತೆ ಚುಚ್ಚದಂತೆ ಮಾಡಬಹುದೇ? ಹಿಮ್ಮಡಿಯ ಒಡಕಿಗೆ ಗೇರೆಣ್ಣೆ ಹಚ್ಚಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ತೊಂದರೆಗಳಿವೆ: ಆಣಿ, ಒಳಗೆ ಚುಚ್ಚುವ ಉಗುರು, ಹಳದಿ ಉಗುರು ಮತ್ತು ಹಿಮ್ಮಡಿಯ ಒಡಕು. ನಾಲ್ಕಕ್ಕೂ ಚಿಕಿತ್ಸೆಯಿದೆ. ಆದರೆ ಓದುತ್ತಿದ್ದಾಗ ನಾನು ನಿಂತದ್ದು ಐದನೆಯದೊಂದು ವಾಕ್ಯದಲ್ಲಿ, ನೀವು ಸಮಾಧಾನದ ಸಂಗತಿಯೆಂಬಂತೆ ಬರೆದಿರುವ 'ಈಗ ಅಷ್ಟು ನೋವಿಲ್ಲ' ಎಂಬುದರಲ್ಲಿ. ಆಣಿ ಹಾಗೆಯೇ ಇದೆ, ನಿಲ್ಲುವ ಹೊತ್ತು ಕಡಿಮೆಯಾಗಿಲ್ಲ, ಚಪ್ಪಲಿ ಬದಲಾಗಿಲ್ಲ. ಹಾಗಿದ್ದೂ ನೋವು ಕಡಿಮೆಯಾಗಿದೆ ಎಂದರೆ ಗುಣವಾಗಿದ್ದು ಆಣಿಯಲ್ಲ, ಮಂಕಾಗಿದ್ದು ಕಾಲಿನ ನರಗಳು ಎಂದೇ ನಾನು ಮೊದಲು ಅನುಮಾನಿಸುತ್ತೇನೆ.

ಬಹಳ ವರ್ಷ ರಕ್ತದಲ್ಲಿ ಸಕ್ಕರೆ ಹೆಚ್ಚಾಗಿಯೇ ಉಳಿದರೆ ದೇಹದ ಅತಿ ಉದ್ದದ ನರಗಳು, ಅಂದರೆ ಕಾಲ್ಬೆರಳ ತುದಿಯವರೆಗೆ ಹೋಗುವ ನರಗಳು, ಮೊದಲು ಕೆಡುತ್ತವೆ. ಕೆಲವರಿಗೆ ಉರಿ, ಜೋಮು ಕಾಣಿಸುತ್ತದೆ. ಎಷ್ಟೋ ಜನರಿಗೆ ಏನೂ ಕಾಣಿಸುವುದಿಲ್ಲ, ಸ್ಪರ್ಶ ಮಾತ್ರ ಸದ್ದಿಲ್ಲದೆ ಕಡಿಮೆಯಾಗುತ್ತದೆ. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಪಾದಗಳನ್ನು ವರ್ಷಗಟ್ಟಲೆ ಗಮನಿಸಿದ ಡಾ. ಪಾಲ್ ಬ್ರ್ಯಾಂಡ್ ಅವರು ಅಲ್ಲಿನ ಗಾಯಗಳಿಗೆ ರೋಗಾಣುವಿಗಿಂತ ನೋವಿನ ಅರಿವು ಇಲ್ಲದಿರುವುದೇ ದೊಡ್ಡ ಕಾರಣವೆಂದು ತೋರಿಸಿಕೊಟ್ಟರು. ನೋವು ತಿಳಿಯುವವನು ಕಲ್ಲು ಚುಚ್ಚಿದರೆ ಕುಂಟುತ್ತಾನೆ, ಭಾರವನ್ನು ಆಚೆ ಸರಿಸುತ್ತಾನೆ. ತಿಳಿಯದವನು ಅದೇ ಜಾಗವನ್ನು ದಿನಕ್ಕೆ ಸಾವಿರಾರು ಸಲ ತುಳಿಯುತ್ತಲೇ ಇರುತ್ತಾನೆ. ಸಕ್ಕರೆ ಕಾಯಿಲೆಯ ಪಾದಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ.

ಆದ್ದರಿಂದ ಯಾವ ಚಿಕಿತ್ಸೆ ಒಳ್ಳೆಯದು ಎಂಬ ಪ್ರಶ್ನೆಗೆ ಮುಂಚೆ ಎರಡು ಸಂಗತಿಗಳು ಗೊತ್ತಾಗಬೇಕು. ಈ ಕಾಲಿಗೆ ಸ್ಪರ್ಶ ತಿಳಿಯುತ್ತದೆಯೇ, ಈ ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತದೆಯೇ. ಮೊದಲನೆಯದನ್ನು ನೋಡುವುದು ಮಾನೋಫಿಲಮೆಂಟ್ ಎಂಬ ನೈಲಾನ್ ಎಳೆಯಿಂದ. ಅದನ್ನು ಅಂಗಾಲಿಗೆ ಒತ್ತಿದಾಗ ಸರಿಯಾಗಿ 10 ಗ್ರಾಂ ಒತ್ತಡಕ್ಕೆ ಬಾಗುತ್ತದೆ. ಅಷ್ಟು ಒತ್ತಡವೂ ತಿಳಿಯದ ಪಾದಕ್ಕೆ ಹುಣ್ಣಾಗುವ ಅಪಾಯ ಇದೆಯೆಂದು ಅರ್ಥ. ಜೊತೆಗೆ 128 ಹರ್ಟ್ಸ್‌ನ ಶ್ರುತಿಕವಲನ್ನು ಮಿಡಿದು ಹೆಬ್ಬೆರಳಿನ ಮೂಳೆಯ ಮೇಲಿಟ್ಟು ಅದರ ನಡುಕ ತಿಳಿಯುತ್ತದೆಯೇ ಎಂದು ಕೇಳುತ್ತೇವೆ. ಎರಡನೆಯದಕ್ಕೆ ಪಾದದ ನಾಡಿಯನ್ನು ಮುಟ್ಟಿ ನೋಡಿ, ಕಣಕಾಲಿನ ಮತ್ತು ತೋಳಿನ ರಕ್ತದೊತ್ತಡಗಳನ್ನು, ಶಬ್ದತರಂಗದಿಂದ ರಕ್ತದ ಹರಿವನ್ನು ಗುರುತಿಸುವ ಡಾಪ್ಲರ್ ಉಪಕರಣದಿಂದ ಅಳೆದು ಹೋಲಿಸುತ್ತೇವೆ. ಕಣಕಾಲಿನ ಒತ್ತಡವನ್ನು ತೋಳಿನದರಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ರಕ್ತನಾಳ ಕಿರಿದಾಗಿದೆ ಎಂದು ತಿಳಿಯುತ್ತೇವೆ. ಸಕ್ಕರೆ ಕಾಯಿಲೆಯವರ ರಕ್ತನಾಳಗಳು ಸುಣ್ಣಗಟ್ಟಿ ಗಟ್ಟಿಯಾಗಿರುವುದರಿಂದ ಈ ಅಂಕಿ ಸುಳ್ಳೇ ಹೆಚ್ಚಾಗಿ ಬರುವುದುಂಟು, ಹಾಗಾಗಿ 1.3 ದಾಟಿದ ಅಂಕಿಯನ್ನು ಕಂಡು ಸಂತೋಷಪಡಬಾರದು, ಬೆರಳಿನ ಒತ್ತಡವನ್ನೇ ಬೇರೆಯಾಗಿ ಅಳೆಯಬೇಕು. ಇವೆಲ್ಲ ಸೇರಿ 15 ನಿಮಿಷದ ಕೆಲಸ, ನೋವಿಲ್ಲ.

ಅಲ್ಲಿಯವರೆಗೆ ಮನೆಯಲ್ಲಿ ಒಂದು ಪರೀಕ್ಷೆ ಮಾಡಿಕೊಳ್ಳಬಹುದು. ಇಂಗ್ಲೆಂಡಿನ ಇಪ್ಸ್‌ವಿಚ್ ಆಸ್ಪತ್ರೆಯಲ್ಲಿ ರೂಪಿಸಿದ ವಿಧಾನವಿದು. ನೀವು ಕಣ್ಣು ಮುಚ್ಚಿ ಮಲಗಿ. ಮನೆಯವರು ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು ಮತ್ತು ಕಿರುಬೆರಳಿನ ತುದಿಯನ್ನು ಒಂದೆರಡು ಸೆಕೆಂಡು ತಮ್ಮ ತೋರುಬೆರಳಿನಿಂದ ಹಗುರಾಗಿ ಮುಟ್ಟಲಿ. ಒತ್ತಬಾರದು, ತಟ್ಟಬಾರದು, ಸವರಬಾರದು. ಆರು ಬೆರಳುಗಳಲ್ಲಿ ಎರಡು ಅಥವಾ ಹೆಚ್ಚು ಕಡೆ ಮುಟ್ಟಿದ್ದು ತಿಳಿಯದಿದ್ದರೆ ಸ್ಪರ್ಶ ಕುಂದಿರುವ ಸಾಧ್ಯತೆ ಹೆಚ್ಚು.

ಇನ್ನು ಆಣಿಗೆ ಬರೋಣ. ಆಣಿಗೆ ಬೇರಿಲ್ಲ. ಮೂಳೆಯ ಉಬ್ಬೊಂದು ಒಳಗಿನಿಂದ, ಗಟ್ಟಿ ನೆಲವೋ ಚಪ್ಪಲಿಯೋ ಹೊರಗಿನಿಂದ ಒಂದೇ ಬಿಂದುವನ್ನು ಒತ್ತುತ್ತಿದ್ದಾಗ ಚರ್ಮ ತನ್ನನ್ನು ಕಾಪಾಡಿಕೊಳ್ಳಲು ದಪ್ಪಗಾಗುತ್ತದೆ. ಅಗಲವಾಗಿ ದಪ್ಪಗಾದರೆ ಅದನ್ನು ಜಡ್ಡು ಎನ್ನುತ್ತೇವೆ. ಒತ್ತಡ ಕಡಲೆಕಾಳಿನಷ್ಟು ಜಾಗದಲ್ಲೇ ಬಿದ್ದರೆ ಸತ್ತ ಚರ್ಮದ ಪದರಗಳು ಮೊಳೆಯಂತೆ ಒಳಮುಖವಾಗಿ ಕೂರುತ್ತವೆ. ಕೊರೆದಾಗ ಸಿಗುವ ಆ ಗಾಜಿನಂಥ ಮೊನೆಯನ್ನೇ ಜನ ಬೇರು ಎಂದುಕೊಂಡಿದ್ದಾರೆ. ಅದನ್ನು ತೆಗೆದಾಗ ನೋವು ಆ ಕ್ಷಣವೇ ಇಳಿಯುವುದು ನಿಜ, ಆದರೆ ಮರುದಿನ ಬೆಳಿಗ್ಗೆ 5ಕ್ಕೆ ನೀವು ಅದೇ ಚಪ್ಪಲಿಯಲ್ಲಿ ಅದೇ ನೆಲದ ಮೇಲೆ ನಿಂತರೆ ಚರ್ಮ ಅದೇ ಕೆಲಸವನ್ನು ಮತ್ತೆ ಶುರುಮಾಡುತ್ತದೆ. ಎರಡು ಸಲ ಕೊರೆಸಿಯೂ ಬಂದಿದ್ದು ಬೇರು ಉಳಿದದ್ದರಿಂದಲ್ಲ, ಒತ್ತಡ ಉಳಿದದ್ದರಿಂದ.

ಅದು ನಿಜವಾಗಿಯೂ ಆಣಿಯೇ ಎಂಬುದನ್ನೂ ನೋಡಬೇಕು. ಅಂಗಾಲಿನಲ್ಲಿ ವೈರಸ್ಸಿನಿಂದ ಬರುವ ನರೂಲಿಯನ್ನು ಆಣಿಯೆಂದೇ ತಿಳಿದು ವರ್ಷಗಟ್ಟಲೆ ಕೊರೆಸಿಕೊಂಡವರನ್ನು ನಾನು ಬಹಳ ನೋಡಿದ್ದೇನೆ. ಆಣಿಯನ್ನು ನೇರವಾಗಿ ಒತ್ತಿದರೆ ನೋವು ಹೆಚ್ಚು, ನರೂಲಿಯನ್ನು ಎರಡು ಬೆರಳಲ್ಲಿ ಪಕ್ಕದಿಂದ ಹಿಂಡಿದರೆ ಹೆಚ್ಚು. ಅಂಗಾಲಿನ ಚರ್ಮದ ಗೆರೆಗಳು ಆಣಿಯ ಮೇಲೆ ಹಾದುಹೋಗುತ್ತವೆ, ನರೂಲಿಯ ಬಳಿ ಬಂದು ಸುತ್ತಿಕೊಂಡು ಹೋಗುತ್ತವೆ. ಮೇಲ್ಪದರವನ್ನು ಹೆರೆದಾಗ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಕಂಡರೆ ಅದು ನರೂಲಿ. ಆ ಚುಕ್ಕೆಗಳು ಹೆಪ್ಪುಗಟ್ಟಿದ ಸೂಕ್ಷ್ಮ ರಕ್ತನಾಳಗಳು.

ಆಣಿಯೇ ಆಗಿದ್ದರೆ ತಜ್ಞರ ಕೈಯಲ್ಲಿ ಆಗುವ ಚಿಕಿತ್ಸೆ ಬಹಳ ಸರಳವಾದದ್ದು. ಕ್ರಿಮಿರಹಿತ ಸ್ಕಾಲ್ಪೆಲನ್ನು ಚರ್ಮಕ್ಕೆ ಬಹುತೇಕ ಸಮಾಂತರವಾಗಿ ಹಿಡಿದು, ಸೌತೆಕಾಯಿಯ ಸಿಪ್ಪೆ ಹೆರೆದಂತೆ, ಪದರ ಪದರವಾಗಿ ಸತ್ತ ಚರ್ಮವನ್ನು ಎತ್ತುತ್ತೇವೆ. ಸತ್ತ ಚರ್ಮಕ್ಕೆ ನರವಿಲ್ಲವಾದ್ದರಿಂದ ಅರಿವಳಿಕೆ ಬೇಕಾಗುವುದಿಲ್ಲ, ರಕ್ತವೂ ಬರಬಾರದು. ಸಕ್ಕರೆ ಕಾಯಿಲೆಯವರಲ್ಲಿ ಹೀಗೆ ಹೆರೆಯುವಾಗ ಒಮ್ಮೊಮ್ಮೆ ಜಡ್ಡಿನ ಕೆಳಗೆ ಕಂದು ಕಲೆಯೋ ಪುಟ್ಟ ಹುಣ್ಣೋ ಕಾಣಿಸಿಕೊಳ್ಳುತ್ತದೆ. ಹೊರಗೆ ಗಟ್ಟಿಯಾಗಿ, ಒಣಗಿ, ನೋವಿಲ್ಲದೆ ಇದ್ದ ಆಣಿಯ ಮುಚ್ಚಳದಡಿ ಗಾಯ ಆಗಲೇ ಕೂತಿರುತ್ತದೆ. ನೋವಿಲ್ಲದ ಆಣಿಗೆ ನಾನು ಹೆದರುವುದು ಇದಕ್ಕೇ.

ನೀವು ಇಂದೇ ಬಿಡಬೇಕಾದದ್ದು ಕಾರ್ನ್ ಕ್ಯಾಪ್. ಅದರ ನಡುವಿನ ಬಿಲ್ಲೆಯಲ್ಲಿ ಸಾಮಾನ್ಯವಾಗಿ ಶೇ 40ರಷ್ಟು ಸ್ಯಾಲಿಸಿಲಿಕ್ ಆಮ್ಲವಿರುತ್ತದೆ. ಅದಕ್ಕೆ ಸತ್ತ ಚರ್ಮ ಯಾವುದು, ಜೀವಂತ ಚರ್ಮ ಯಾವುದು ಎಂಬ ಭೇದವಿಲ್ಲ. ಆರೋಗ್ಯವಂತರಿಗೆ ಉರಿದರೆ ಕಿತ್ತೆಸೆಯುತ್ತಾರೆ. ಸ್ಪರ್ಶವಿಲ್ಲದ ಕಾಲಿನಲ್ಲಿ ಅದು ಸದ್ದಿಲ್ಲದೆ ಸುಡುತ್ತಾ ಹೋಗುತ್ತದೆ. ಎಕ್ಕದ ಹಾಲು, ಬ್ಲೇಡು, ಸುಣ್ಣ ಇವುಗಳ ವಿಷಯದಲ್ಲೂ ನನ್ನ ಉತ್ತರ ಇದೇ. ಆಣಿಯನ್ನು ಸುತ್ತಲಿನ ಚರ್ಮಸಹಿತ ಕತ್ತರಿಸಿ ಹೊಲಿಗೆ ಹಾಕುವ ಶಸ್ತ್ರಕ್ರಿಯೆಯನ್ನೂ ನಾನು ಒಪ್ಪುವುದಿಲ್ಲ. ಭಾರ ಬೀಳುವ ಜಾಗದಲ್ಲಿ ಉಳಿಯುವ ಕಲೆಯೇ ಮುಂದೆ ಆಣಿಗಿಂತ ಹೆಚ್ಚು ಕಾಡಬಹುದು.

ಆಣಿಯ ನಿಜವಾದ ಚಿಕಿತ್ಸೆ ಇರುವುದು ಪಾದರಕ್ಷೆಯಲ್ಲಿ. ಕಿರುಬೆರಳ ಬುಡದ ಮೂಳೆಯ ಮೇಲೆ ಬೀಳುವ ಭಾರವನ್ನು ಇಡೀ ಅಂಗಾಲಿಗೆ ಹಂಚಬೇಕು. ನಮ್ಮಲ್ಲಿ ಇದಕ್ಕೆ ಎಂಸಿಆರ್ ಎಂದು ಕರೆಯುವ ಮೈಕ್ರೋಸೆಲ್ಯುಲಾರ್ ರಬ್ಬರಿನ ಒಳಪದರವಿರುವ ಚಪ್ಪಲಿಗಳು ದೊರೆಯುತ್ತವೆ. ಬೆರಳಿನಿಂದ ಒತ್ತಿದರೆ ತಗ್ಗಿ ಬಿಟ್ಟಾಗ ಮೇಲೆ ಬರುವ ಮೆತ್ತೆ, ಅದರ ಕೆಳಗೆ ಮೊಳೆ ಮುಳ್ಳು ತೂರದ ಗಟ್ಟಿ ಅಡಿ, ಹಿಮ್ಮಡಿಯ ಹಿಂದೆ ಪಟ್ಟಿ, ಈ ಮೂರು ಇರಬೇಕು. ಹೆಬ್ಬೆರಳನ್ನು ತೂರಿಸುವ ಉಂಗುಷ್ಟ ಇರಬಾರದು. ಸ್ಪರ್ಶವಿಲ್ಲದವರಲ್ಲಿ ಅದು ಬೆರಳ ಸಂದನ್ನು ಉಜ್ಜಿ ಗಾಯ ಮಾಡುತ್ತದೆ, ಚಪ್ಪಲಿ ಕಳಚಿಬಿದ್ದರೂ ತಿಳಿಯುವುದಿಲ್ಲ. ಹೋಟೆಲಿನ ಅಡುಗೆಮನೆ ಎಂದರೆ ಒದ್ದೆ ನೆಲ, ಎಣ್ಣೆಯ ಜಾರು, ಬಿಸಿ ನೀರಿನ ತುಳುಕು ಎಲ್ಲವೂ ಇರುವುದರಿಂದ ನಿಮಗೆ ತೆರೆದ ಚಪ್ಪಲಿಗಿಂತ ಮುಂಭಾಗ ಅಗಲವಾಗಿರುವ, ಜಾರದ ಅಡಿಯಿರುವ ಮುಚ್ಚಿದ ಪಾದರಕ್ಷೆಯೊಳಗೆ ಇಂಥ ಮೆತ್ತೆಯನ್ನು ಹಾಕಿಸಿಕೊಳ್ಳುವುದು ಮೇಲು. ಅಳತೆಯನ್ನು ಕೆಲಸ ಮುಗಿದ ಮೇಲೆ ಕೊಡಿ, ಆಗ ಪಾದ ಬಾತಿರುತ್ತದೆ. ಕಾವಲಿಯ ಮುಂದೆ ದಪ್ಪ ರಬ್ಬರಿನ ಮ್ಯಾಟ್ ಹಾಸಿ. ಇಷ್ಟಾದ ಮೇಲೂ ನಾಲ್ಕರಿಂದ ಎಂಟು ವಾರಕ್ಕೊಮ್ಮೆ ಹೆರೆಸಬೇಕಾಗಬಹುದು. ಕ್ಷೌರದಂತೆ ಅದೂ ಒಂದು ನಿಯಮಿತ ಕೆಲಸ ಎಂದುಕೊಳ್ಳಿ.

ಒಳಗೆ ಚುಚ್ಚುವ ಉಗುರಿನ ಬಗ್ಗೆ ಹೇಳುವ ಮೊದಲು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ವೃತ್ತಿಯ ಮೊದಲ ವರ್ಷಗಳಲ್ಲಿ ನಾನೂ ಇಂಥ ಉಗುರುಗಳನ್ನು ಪೂರ್ತಿ ಕಿತ್ತು ಕಳಿಸುತ್ತಿದ್ದೆ. ರೋಗಿಗೆ ವಾರದಲ್ಲಿ ಆರಾಮ, ನನಗೆ ಕೃತಜ್ಞತೆ. ವರ್ಷದ ನಂತರ ಅದೇ ವ್ಯಕ್ತಿ ಅದೇ ಬೆರಳಿನೊಂದಿಗೆ ಬೇರೆ ವೈದ್ಯರ ಬಳಿ ಹೋಗುತ್ತಿದ್ದರೆಂಬುದು ನನಗೆ ತಿಳಿದದ್ದು ತಡವಾಗಿ. ಕಿತ್ತ ಉಗುರು ಹುಟ್ಟುವ ಬುಡ ಹಾಗೆಯೇ ಇರುವುದರಿಂದ ಅದೇ ಅಗಲದ ಉಗುರು ಮತ್ತೆ ಬರುತ್ತದೆ. ಈ ನಡುವೆ ಆಸರೆಯಿಲ್ಲದ ಬೆರಳ ತುದಿಯ ಮಾಂಸ ಮೇಲೆದ್ದು, ಹೊಸ ಉಗುರಿಗೆ ದಾರಿಯಲ್ಲೇ ಗೋಡೆಯಾಗಿ ನಿಂತಿರುತ್ತದೆ.

ಇದಕ್ಕೆ ಮೂಲ ಕಾರಣ ಬಹುಪಾಲು ನಾವು ಉಗುರು ತೆಗೆಯುವ ರೀತಿ. ಮೂಲೆಯನ್ನು ದುಂಡಗೆ, ಆಳಕ್ಕೆ ಕತ್ತರಿಸುತ್ತೇವೆ. ಕಣ್ಣಿಗೆ ಕಾಣದ ಆಳದಲ್ಲಿ ಮುಳ್ಳಿನಂಥ ಚೂರೊಂದು ಉಳಿದು, ಉಗುರು ಬೆಳೆದಂತೆ ಅದು ಮುಂದೆ ಸರಿದು ಮಾಂಸಕ್ಕೆ ಹೊಗುತ್ತದೆ. ಬಿಗಿ ಬೂಟು ಮಾಂಸವನ್ನು ಅದರ ಮೇಲೆ ಒತ್ತಿಹಿಡಿಯುತ್ತದೆ. ಆಮೇಲಿನ ಕೀವು, ಕೆಂಪು ಮಾಂಸದ ಬೆಳವಣಿಗೆ ಎಲ್ಲವೂ ಆ ಮುಳ್ಳಿನ ಪರಿಣಾಮ. ಮುಳ್ಳನ್ನು ಅಲ್ಲಿಯೇ ಬಿಟ್ಟು ಆಂಟಿಬಯೋಟಿಕ್ ಮಾತ್ರೆ ನುಂಗಿದರೆ ನಾಲ್ಕು ದಿನ ತಣ್ಣಗಾಗಿ ಮತ್ತೆ ಏಳುವುದು ಸಹಜ. ಉಗುರುಸುತ್ತಿಗೆ ನಿಂಬೆಹಣ್ಣು ಸಿಕ್ಕಿಸುವ ನಮ್ಮ ಹಳೆಯ ರೂಢಿಯನ್ನು ಕೈಬೆರಳಿಗೆ ಮಾಡಿದ ಆರೋಗ್ಯವಂತರ ಜೊತೆ ನಾನು ಜಗಳವಾಡುವುದಿಲ್ಲ. ಕಾಲ್ಬೆರಳಿಗೆ, ಅದೂ ಸಕ್ಕರೆ ಕಾಯಿಲೆಯವರ ತೆರೆದ ಗಾಯಕ್ಕೆ, ಇಡೀ ದಿನ ಹುಳಿ ತೇವವನ್ನು ಕಟ್ಟಿಡುವುದು ಚರ್ಮವನ್ನು ಕೊಳೆಸುತ್ತದೆ.

ಕೀವಿಲ್ಲದ ಆರಂಭದ ಹಂತದಲ್ಲಾದರೆ ಉಗುರಿನ ಅಂಚಿನಡಿ ಸಣ್ಣ ಹತ್ತಿಯ ಎಳೆಯನ್ನು ಸೇರಿಸುವುದು, ಪಕ್ಕದ ಮಾಂಸವನ್ನು ಟೇಪಿನಿಂದ ಹೊರಕ್ಕೆ ಎಳೆದು ಅಂಟಿಸುವುದು ಸಾಕಾಗುತ್ತದೆ. ಪದೇ ಪದೇ ಕೀವಾಗುವ ನಿಮ್ಮಂಥವರಿಗೆ ನಾನು ಹೇಳುವುದು ಉಗುರಿನ ಅಂಚನ್ನಷ್ಟೇ ತೆಗೆದು ಅದರ ಬುಡಕ್ಕೆ ಫಿನಾಲ್ ಎಂಬ ಸುಡುವ ರಾಸಾಯನಿಕವನ್ನು ಹಚ್ಚುವ ವಿಧಾನ. ಬೆರಳಿನ ಬುಡದಲ್ಲಿ ಅರಿವಳಿಕೆ ಚುಚ್ಚುತ್ತೇವೆ, ಇಡೀ ಪ್ರಕ್ರಿಯೆಯಲ್ಲಿ ನೋಯುವುದು ಈ ಚುಚ್ಚುಮದ್ದೊಂದೇ. ರಕ್ತ ಬಾರದಂತೆ ಬೆರಳಿಗೆ ಪಟ್ಟಿ ಬಿಗಿದು, ಚುಚ್ಚುತ್ತಿರುವ ಕಡೆಯ ಮೂರ್ನಾಲ್ಕು ಮಿಲಿಮೀಟರ್ ಅಗಲದ ಪಟ್ಟಿಯನ್ನು ಬುಡದವರೆಗೆ ಸೀಳಿ ಎಳೆದು ತೆಗೆಯುತ್ತೇವೆ. ಆ ಬುಡಕ್ಕೆ ಮಾತ್ರ ಫಿನಾಲ್ ಅದ್ದಿದ ಹತ್ತಿಕಡ್ಡಿಯನ್ನು ಕೆಲವು ನಿಮಿಷ ಉಜ್ಜಿದರೆ ಅಲ್ಲಿ ಉಗುರು ಹುಟ್ಟಿಸುವ ಜೀವಕೋಶಗಳು ಸಾಯುತ್ತವೆ. ಕೊನೆಗೆ ಪಟ್ಟಿಯನ್ನು ಬಿಚ್ಚಿದೆವೇ ಎಂದು ಎರಡು ಸಲ ನೋಡಿಕೊಳ್ಳುತ್ತೇವೆ, ಅದನ್ನು ಮರೆತರೆ ಬೆರಳೇ ಹೋಗುತ್ತದೆ. ಹೊಲಿಗೆಯಿಲ್ಲ, ಅದೇ ದಿನ ಮನೆಗೆ ಹೋಗಬಹುದು. ಉಗುರು ಸ್ವಲ್ಪ ಕಿರಿದಾಗಿ, ಆದರೆ ಚುಚ್ಚದೆ ಬೆಳೆಯುತ್ತದೆ. ಮತ್ತೆ ಮರುಕಳಿಸುವ ಸಾಧ್ಯತೆ ಬರೀ ಕಿತ್ತದ್ದಕ್ಕಿಂತ ಬಹಳ ಕಡಿಮೆ.

ಇದರ ಕಷ್ಟವನ್ನೂ ಹೇಳಬೇಕು. ಫಿನಾಲ್ ಮಾಡುವುದು ರಾಸಾಯನಿಕ ಸುಟ್ಟಗಾಯ. ಎರಡರಿಂದ ಆರು ವಾರ ತಿಳಿಹಳದಿ ನೀರು ಒಸರುತ್ತದೆ, ಅದನ್ನು ಕೀವೆಂದು ಹೆದರುವವರೇ ಹೆಚ್ಚು. ಆ ಸುಟ್ಟಗಾಯ ವಾಸಿಯಾಗಲು ರಕ್ತ ಬೇಕು. ಪಾದದ ರಕ್ತಸಂಚಾರ ಚೆನ್ನಾಗಿದ್ದರೆ ಸಕ್ಕರೆ ಕಾಯಿಲೆಯವರಿಗೂ ಇದನ್ನು ಧೈರ್ಯವಾಗಿ ಮಾಡುತ್ತೇವೆ. ರಕ್ತನಾಳ ಕಿರಿದಾಗಿದ್ದರೆ ಅದನ್ನು ಸರಿಪಡಿಸುವವರೆಗೆ ಅಂಚಿನ ಮುಳ್ಳನ್ನಷ್ಟೇ ಎಚ್ಚರಿಕೆಯಿಂದ ಬಿಡಿಸಿ ಕಾಯುತ್ತೇವೆ. ಮೊದಲ ಎರಡು ಪರೀಕ್ಷೆಗಳ ಬಗ್ಗೆ ನಾನು ಅಷ್ಟು ಹಟ ಹಿಡಿದದ್ದು ಇದಕ್ಕಾಗಿಯೇ. ಅವುಗಳನ್ನು ಮಾಡದೆ ದಿನಾಂಕ ಕೊಡುವ ಕಡೆ ಉಗುರಿಗೆ ಕೈಹಾಕಿಸಬೇಡಿ.

ಹಳದಿ ಉಗುರುಗಳ ಲೇಸರ್ ಪ್ಯಾಕೇಜಿಗೆ ದುಡ್ಡು ಕಟ್ಟುವ ಮುನ್ನ ಅದು ಶಿಲೀಂಧ್ರವೇ ಎಂದು ಖಚಿತಪಡಿಸಿಕೊಳ್ಳಿ. ದಪ್ಪಗಾಗಿ ಬಣ್ಣಗೆಟ್ಟ ಕಾಲುಗುರುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ ಶಿಲೀಂಧ್ರದಿಂದ ಆದವು. ಉಳಿದವು ಬೂಟಿನ ಉಜ್ಜಾಟ, ಹಳೆಯ ಪೆಟ್ಟು, ಸೋರಿಯಾಸಿಸ್ ಅಥವಾ ವಯಸ್ಸಿನಿಂದ ಆದವು. ಉಗುರಿನ ಚೂರನ್ನು ಕೆಒಎಚ್ ಪರೀಕ್ಷೆಗೂ (ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರ ಹುಡುಕುವುದು) ಕಲ್ಚರಿಗೂ (ಅದನ್ನು ಬೆಳೆಸಿ ನೋಡುವುದು) ಕಳಿಸಿದರೆ ಗೊತ್ತಾಗುತ್ತದೆ. ಶಿಲೀಂಧ್ರವೇ ಆಗಿದ್ದರೆ ಹೆಚ್ಚು ಕೆಲಸ ಮಾಡುವುದು ಟರ್ಬಿನಾಫಿನ್ ಮಾತ್ರೆ, ದಿನಕ್ಕೆ 250 ಮಿಲಿಗ್ರಾಂನಂತೆ 12 ವಾರ. ಯಕೃತ್ತಿನ ಪರೀಕ್ಷೆ ಮಾಡಿಸಿಯೇ ಶುರುಮಾಡಬೇಕು, ನೀವು ನುಂಗುವ ಇತರ ಮಾತ್ರೆಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಬೇಕು. ಮಾತ್ರೆ ಮುಗಿದ ದಿನವೂ ಉಗುರು ಹಳದಿಯಾಗಿಯೇ ಇರುತ್ತದೆ, ನಿರಾಶರಾಗಬೇಡಿ. ಕಾಲುಗುರು ತಿಂಗಳಿಗೆ ಬೆಳೆಯುವುದು ಸುಮಾರು ಒಂದೂವರೆ ಮಿಲಿಮೀಟರ್, ಹೆಬ್ಬೆರಳ ಉಗುರು ಪೂರ್ತಿ ಹೊಸದಾಗಲು 12ರಿಂದ 18 ತಿಂಗಳು ಬೇಕು. ಚಿಕಿತ್ಸೆ ಪಡೆದ ಎಲ್ಲರ ಉಗುರೂ ಮೊದಲಿನಂತಾಗುವುದಿಲ್ಲ ಎಂಬುದನ್ನೂ ಮುಚ್ಚಿಡಬಾರದು. ಮಾತ್ರೆ ಆಗದವರಿಗೆ ಉಗುರುಬಣ್ಣದಂತೆ ಹಚ್ಚುವ ಔಷಧದ ಲ್ಯಾಕರ್‌ಗಳಿವೆ, ಅವುಗಳ ಫಲ ಕಡಿಮೆ. ಲೇಸರ್ ನೋಟವನ್ನು ತುಸು ಸುಧಾರಿಸಬಹುದು, ಆದರೆ ಮಾತ್ರೆಯಷ್ಟು ಖಾತ್ರಿಯ ಪುರಾವೆ ಅದಕ್ಕಿಲ್ಲ. ನನ್ನ ಅಪ್ಪನ ಕಾಲಾಗಿದ್ದರೆ ನಾನು ಆ ದುಡ್ಡನ್ನು ಚಪ್ಪಲಿಗೆ ಹಾಕುತ್ತಿದ್ದೆ. ದಪ್ಪ ಉಗುರನ್ನು ಯಂತ್ರದಿಂದ ಉಜ್ಜಿ ತೆಳುಮಾಡಿಸಿಕೊಳ್ಳುವುದು ಮಾತ್ರ ಉಪಯುಕ್ತ, ಯಾಕೆಂದರೆ ದಪ್ಪ ಉಗುರು ಕೆಳಗಿನ ಚರ್ಮವನ್ನೇ ಒತ್ತಿ ಹುಣ್ಣು ಮಾಡುತ್ತದೆ.

ಗೇರೆಣ್ಣೆ ಬೇಡ. ಗೋಡಂಬಿಯ ಹೊರಸಿಪ್ಪೆಯಿಂದ ಬರುವ ಆ ಎಣ್ಣೆ ಚರ್ಮವನ್ನು ಸುಡುತ್ತದೆ. ನಮ್ಮ ಕರಾವಳಿ, ಮಲೆನಾಡಿನವರು ಒಡಕಿಗೆ ಹಚ್ಚುವ ಮುರುಗಲ ತುಪ್ಪಕ್ಕೆ ನನ್ನ ಅಡ್ಡಿಯಿಲ್ಲ, ಅದು ಒಳ್ಳೆಯ ಜಿಡ್ಡು. ಇನ್ನೂ ಚೆನ್ನಾಗಿ ಕೆಲಸ ಮಾಡುವುದು ಶೇ 10ರಿಂದ 25ರಷ್ಟು ಯೂರಿಯಾ ಇರುವ ಮುಲಾಮು, ದಿನಕ್ಕೆರಡು ಸಲ. ಬೆರಳ ಸಂದುಗಳಿಗೆ ಮಾತ್ರ ಯಾವ ಮುಲಾಮೂ ಬೇಡ, ಅಲ್ಲಿ ತೇವ ನಿಂತರೆ ಕೆಸರುಹುಣ್ಣಾಗುತ್ತದೆ. ಬಿಸಿನೀರಿನಲ್ಲಿ ಕಾಲು ನೆನೆಸುವ ಅಭ್ಯಾಸವಿದ್ದರೆ ನಿಲ್ಲಿಸಿ. ಸ್ನಾನದ ನೀರಿನ ಬಿಸಿಯನ್ನು ಕಾಲಿನಿಂದಲ್ಲ, ಮೊಣಕೈಯಿಂದ ನೋಡಿ.

ಎಲ್ಲಿಗೆ ಹೋಗಬೇಕು ಎಂಬುದು ಉಳಿಯಿತು. ಬ್ರಿಟನ್ನಿನಲ್ಲಿ ಪೋಡಿಯಾಟ್ರಿಸ್ಟ್ ಎಂಬುದು ಕಾನೂನಿನ ರಕ್ಷಣೆಯಿರುವ ಹೆಸರು, ನೋಂದಣಿಯಿಲ್ಲದೆ ಯಾರೂ ಬಳಸುವಂತಿಲ್ಲ. ನಮ್ಮಲ್ಲಿ ಈ ಕೆಲಸವನ್ನು ಮಾಡುತ್ತಿರುವವರು ಬಹುಪಾಲು ಪಾದದ ಚಿಕಿತ್ಸೆಯಲ್ಲಿ ಹೆಚ್ಚಿನ ತರಬೇತಿ ಪಡೆದ ಶಸ್ತ್ರತಜ್ಞರು, ಚರ್ಮತಜ್ಞರು ಮತ್ತು ಮಧುಮೇಹ ಕ್ಲಿನಿಕ್ಕಿನ ಸಿಬ್ಬಂದಿ. ಆದ್ದರಿಂದ ಬೋರ್ಡಿಗಿಂತ ಕೆಲಸವನ್ನು ನೋಡಿ. ಚಪ್ಪಲಿ ಬಿಚ್ಚಿಸಿ ಎರಡೂ ಪಾದ ನೋಡಿದರೇ, ನೈಲಾನ್ ಎಳೆ ಹಿಡಿದರೇ, ನಾಡಿ ಮುಟ್ಟಿದರೇ, ಉಪಕರಣಗಳನ್ನು ಆಟೊಕ್ಲೇವ್ ಮಾಡಿದ, ಅಂದರೆ ಹಬೆಯಲ್ಲಿ ಕ್ರಿಮಿರಹಿತಗೊಳಿಸಿದ, ಪೊಟ್ಟಣದಿಂದ ನಿಮ್ಮೆದುರೇ ಬಿಚ್ಚಿದರೇ ಎಂದು ಗಮನಿಸಿ. ಬ್ಯೂಟಿ ಪಾರ್ಲರಿನ ಪೆಡಿಕ್ಯೂರ್ ನಿಮಗಲ್ಲ. ಬೆಂಗಳೂರಿನ ಕರ್ನಾಟಕ ಅಂತಃಸ್ರಾವ ಮತ್ತು ಸಂಶೋಧನಾ ಸಂಸ್ಥೆ ಸರ್ಕಾರದ್ದು, ಅಲ್ಲಿ ಪಾದ ಚಿಕಿತ್ಸೆಯ ವಿಭಾಗವಿದೆ. ಸ್ಪರ್ಶವೂ ರಕ್ತಸಂಚಾರವೂ ಸರಿಯಿದ್ದರೆ ವರ್ಷಕ್ಕೊಮ್ಮೆ ತೋರಿಸಿದರೆ ಸಾಕು. ಒಂದು ಕೆಟ್ಟಿದ್ದರೆ 6ರಿಂದ 12 ತಿಂಗಳಿಗೊಮ್ಮೆ, ಎರಡೂ ಕೆಟ್ಟಿದ್ದರೆ 3ರಿಂದ 6 ತಿಂಗಳಿಗೊಮ್ಮೆ.

ಆದರೆ ಆಣಿಯಿಂದ ನೀರೋ ರಕ್ತವೋ ಜಿನುಗಿದರೆ, ಅದರ ನಡುವೆ ಕಪ್ಪಾದರೆ, ಬೆರಳು ಕೆಂಪಾಗಿ ಕೆಂಪು ಪಾದದ ಕಡೆಗೆ ಹರಡಿದರೆ, ವಾಸನೆ ಬಂದರೆ ಅಥವಾ ಜ್ವರ ಬಂದು ಸಕ್ಕರೆ ಏಕಾಏಕಿ ಏರಿದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ಅದೇ ದಿನ ಹತ್ತಿರದ ಆಸ್ಪತ್ರೆಗೆ ಹೋಗಿ. ನೋವಿಲ್ಲವೆಂದು ತಡಮಾಡಬೇಡಿ.

ತೋರಿಸಲು ಹೋಗುವಾಗ ಇತ್ತೀಚಿನ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ) ವರದಿ, ಮಾತ್ರೆಗಳ ಚೀಟಿ ಜೊತೆಗಿರಲಿ. ಜೊತೆಗೆ ಹೋಟೆಲಿನಲ್ಲಿ ದಿನವೂ ಮೆಟ್ಟುವ ಹಳೆಯ ಚಪ್ಪಲಿಯನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ತೊಳೆಯದೆ. ಬಲ ಚಪ್ಪಲಿಯ ಹೊರ ಅಂಚು ಎಲ್ಲಿ ಸವೆದಿದೆಯೆಂದು ನೋಡಿದರೆ ನಿಮ್ಮ ಆಣಿ ಅಲ್ಲಿಯೇ ಯಾಕೆ ಬಂತೆಂಬುದು ಅರ್ಧಕ್ಕರ್ಧ ತಿಳಿದುಬಿಡುತ್ತದೆ.